ಉಪಕಾರ ಹೇಳದೆ ಕಟ್ಟಿದ ಮೂರು ಕೋಣೆ

ಅರ್ಧ ಆಯುಷ್ಯವನ್ನು ಬಾಡಿಗೆ ಮನೆಯಲ್ಲಿ ಕಳೆದವರಿಗೆ ಮನೆಯೊಡತಿಯ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಎಜಿಸು ರಸ್ತೆಯ ಲಾರಿ ನಿಲ್ದಾಣದ ಪಕ್ಕದಲ್ಲಿ ಅಲಸಂದೆ ಅನ್ನ ಮಾರುವ ದೂಫಿಯೆ ಈ ವಿದ್ಯೆಯಲ್ಲಿ ಪಂಡಿತಳೇ ಆಗಿದ್ದಳು. ಲೈಟು ಹೆಚ್ಚು ಹೊತ್ತು ಉರಿದರೆ ಹೊರಗೆ ನಿಂತು ಕೆಮ್ಮುವ ಯಜಮಾನ, ನೆಂಟರು ಬಂದರೆ ನೀರಿನ ಬಕೆಟ್ಟಿನ ಮೇಲೆ ಕಣ್ಣಿಡುವ ಯಜಮಾನತಿ, ಸೋರುತ್ತದೆ ಅಂದರೆ ಆಕಾಶದ ಕಡೆ ಕೈ ತೋರಿಸಿ ದೇವರ ಮೇಲೆ ಹಾಕುವವರು, ಎಲ್ಲರ ಕೈಕೆಳಗೂ ಅವಳು ಬಾಳಿದ್ದಳು. ಇವರೆಲ್ಲರ ನಡುವೆ ಇದ್ದದ್ದು ಒಂದೇ ಒಂದು ಒಗ್ಗಟ್ಟು: ಎರಡು ವರ್ಷದ ಬಾಡಿಗೆ ಮೊದಲೇ ಕೈಗೆ ಬರಬೇಕು. ಕಾನೂನು ಅಷ್ಟು ತೆಗೆದುಕೊಳ್ಳಬಾರದು ಅನ್ನುತ್ತದೆ. ತೆಗೆದುಕೊಳ್ಳದವರನ್ನು ಆ ಊರಿನಲ್ಲಿ ಯಾರೂ ಕಂಡಿಲ್ಲ.

ಹಾಗಾಗಿ ಇಸಾಹಾಕು ಎಂಬ ದರ್ಜಿ ಅವಳ ಹೊಸ ಕೋಣೆ ನೋಡಲು ಬಂದ ದಿನ ಅವಳ ಬಾಯಿಂದಲೂ ಅದೇ ಮಾತು ಬಂತು. ಹೇಳುವಾಗ ನಾಚಿಕೆಯಾಯಿತು. ಆದರೂ ಹೇಳಿದಳು.

"ಎರಡು ವರ್ಷದ್ದಾ?" ಅಂದ ಇಸಾಹಾಕು. ಉತ್ತರದ ತಮಾಲೆ ಕಡೆಯವನು, ನಗುವಾಗ ಹಲ್ಲೆಲ್ಲ ಕಾಣುವ ಮನುಷ್ಯ. "ಅಕ್ಕಾವ್ರೇ, ಅಲಸಂದೆ ಅನ್ನ ನಮ್ಮ ಕಡೇದು. ನಮ್ಮ ಅನ್ನಾನ ಬೇಯಿಸಿ ನಮಗೇ ಮಾರ್ತೀರಿ, ನಾವೇನಾದ್ರೂ ಕೇಳಿದ್ವಾ? ಅದನ್ನ ನೋಡ್ಕೊಂಡಾದ್ರೂ ಒಂದು ವರ್ಷ ಮಾಡ್ಕೊಳಿ."

"ಅನ್ನಕ್ಕೂ ಕೋಣೆಗೂ ಏನಪ್ಪಾ ಸಂಬಂಧ? ಇನ್ನೆರಡು ಕೋಣೆ ಆಕಾಶ ನೋಡ್ತಾ ಕೂತಿವೆ, ಕಾಣ್ತಾ ಇಲ್ವಾ? ನಿನ್ನ ದುಡ್ಡು ನನ್ನ ಹತ್ರ ಒಂದು ದಿನಾನೂ ಇರಲ್ಲ. ಸೀದಾ ತಗಡಿನ ಅಂಗಡಿಗೆ ಹೋಗುತ್ತೆ."

"ಹಾಗಾದ್ರೆ ನಾನು ನಿಮ್ಮ ಮನೆಗೆ ಬಾಡಿಗೆಗೆ ಬರ್ತಾ ಇಲ್ಲ, ನಿಮ್ಮ ಮನೆ ಕಟ್ಟೋಕೆ ಬರ್ತಿದ್ದೀನಿ ಅನ್ನಿ."

ಅವನ ಹೆಂಡತಿ ತುಂಬು ಬಸುರಿ. ಮಾತಿಗೆ ಬರದೆ ಅಂಗೈಯಿಂದ ಗೋಡೆ ಒತ್ತಿ ನೋಡಿದಳು, ಕಿಟಕಿಯ ಚಿಲಕ ಎಳೆದು ನೋಡಿದಳು, ಆಮೇಲೆ ಗಂಡನ ಕಡೆ ತಲೆಯಾಡಿಸಿದಳು. ಮಾತು ಮುಗಿಯಿತು. ಮುಂದಿನ ವಾರ ಅವರ ಹೊಲಿಗೆ ಯಂತ್ರ ಬಂತು, ತಿಂಗಳೊಪ್ಪತ್ತಿನಲ್ಲಿ ಉಳಿದೆರಡು ಕೋಣೆಗೂ ತಗಡು ಬಂತು. ಮೊದಲ ಮಳೆ ಆ ತಗಡಿನ ಮೇಲೆ ಸುರಿದಾಗ ದೂಫಿಯೆ ಖಾಲಿ ಕೋಣೆಯ ಮಧ್ಯೆ ನಿಂತು ಕೇಳಿದಳು. ಅಷ್ಟು ಸುಖ ಅವಳಿಗೆ ಮದುವೆಯಾದಾಗಲೂ ಆಗಿರಲಿಲ್ಲ. ಆ ಮದುವೆಯ ಕಥೆ ಬೇರೆ, ಗಂಡ ಬಿಟ್ಟು ಹೋದಾಗಲೂ ಅವಳು ಮಾರನೆಯ ದಿನದ ಅನ್ನಕ್ಕೆ ಅಲಸಂದೆ ನೆನೆಹಾಕಿದವಳು.

ಈ ಕೋಣೆಗಳ ಹುಚ್ಚು ಅವಳಿಗೆ ಹಿಡಿದದ್ದು ಆ ಅನ್ನದ ಪಾತ್ರೆಯಿಂದ. ದಿನಾ ಬೆಳಗಿನ ಜಾವ ಅದನ್ನು ತಲೆಯ ಮೇಲೆ ಹೊತ್ತು ನಿಲ್ದಾಣಕ್ಕೆ ಹೋಗಬೇಕು. ಅವಳ ತಾಯಿ ಪೊಕುವಾ ಹೀಗೇ ಗೆಣಸಿನ ಮೂಟೆ ಹೊತ್ತು ಹೊತ್ತು ಕೊನೆಗೆ ಕತ್ತು ತಿರುಗಿಸಲಾರದೆ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಹಾಗೇ ಸತ್ತಳು. ಈಗ ದೂಫಿಯೆಯ ಕತ್ತೂ ಬೆಳಿಗ್ಗೆ ಎದ್ದಾಗ ಒಂದು ಕಡೆ ಹಿಡಿಯುತ್ತಿತ್ತು. ಪಾತ್ರೆ ಎತ್ತಲಾಗದ ದಿನ ಬಂದರೆ ಅನ್ನ ಹಾಕುವವರು ಯಾರು? ಮಕ್ಕಳಿಲ್ಲ. ತಮ್ಮ ಕ್ವಾರ್ಟೆಂಗ್ ತಕೊರಾಡಿಯಲ್ಲಿ ಲಾರಿ ಬಿಡಿಭಾಗ ಮಾರುತ್ತೇನೆ ಅನ್ನುತ್ತಾನೆ, ಯಾವ ಲಾರಿಯದು ಅಂತ ಕೇಳಬಾರದು. ಕೋಣೆಗಳೇ ಅನ್ನ ಹಾಕಬೇಕು ಎಂದು ಅವಳು ನಿರ್ಧರಿಸಿದ್ದು ಹಾಗೆ.

ಜಾಗ ಕೊಟ್ಟವನು ಸೋದರಮಾವ ಅಡುಸೆಯಿ. ಕೋಕೋ ಲಾರಿ ಓಡಿಸಿ ಸ್ವಂತ ದುಡಿಮೆಯಲ್ಲಿ ನೆಲ ಕೊಂಡು ಮುಂದೆ ಮನೆ ಕಟ್ಟಿದ್ದ, ಹಿತ್ತಿಲಲ್ಲಿ ಬಾಳೆ ಹಾಕಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಾಗಿರಲಿಲ್ಲ. ಒಂದು ಮಧ್ಯಾಹ್ನ ದೂಫಿಯೆ ತನ್ನ ಮನೆಯ ಯಜಮಾನ ಮತ್ತೆ ಎರಡು ವರ್ಷದ ಮುಂಗಡ ಕೇಳುತ್ತಿದ್ದಾನೆಂದು ಗೋಳು ಹೇಳಿಕೊಂಡಳು. ಮಾವ ಹಲ್ಲುಕಡ್ಡಿ ಕಚ್ಚಿಕೊಂಡೇ ಹಿತ್ತಿಲ ಕಡೆ ಗದ್ದ ತೋರಿಸಿದ.

"ಆ ಬಾಳೆ ಕಡಿದು ಹಾಕು. ನೀನೇ ಯಜಮಾನತಿ ಆಗು. ಜಾಗ ನಿಂದು."

ದೂಫಿಯೆ ಕೂತಲ್ಲಿಂದ ಎದ್ದು ನಿಂತಳು. "ಹಾಗಾದ್ರೆ ಉಪಕಾರದ ಶೀಶೆ ತರ್ತೀನಿ ಮಾವ. ನಮ್ಮ ಮನೆತನದ ಯಜಮಾನ್ರನ್ನ, ಅಬ್ರಾಫಿ ಚಿಕ್ಕಮ್ಮನ್ನ ಕರೆಸ್ತೀನಿ."

"ಯಾತಕ್ಕೆ? ನೀನೇನು ಹೊರಗಿನವಳಾ, ನನಗೆ ಉಪಕಾರ ಹೇಳೋಕೆ? ಆ ಮುದುಕರು ಬಂದ್ರೆ ಒಂದು ಶೀಶೆಗೆ ಬಿಡಲ್ಲ, ಮೇಕೆ ಎಲ್ಲಿ ಅಂತಾರೆ. ಆ ದುಡ್ಡಿಗೆ ಇಟ್ಟಿಗೆ ತಗೋ. ನನಗೆ ಬಾಳೆಹಣ್ಣು ಕರಿದು ಕೊಡು, ಶುಂಠಿ ಜಾಸ್ತಿ ಹಾಕು."

ಅವಳು ಕರಿದು ಕೊಟ್ಟಳು. ಮಾವ ತಿಂದ. ಅಂಗಳದಲ್ಲಿ ಅವರಿಬ್ಬರೇ.

ಆಸಾಂತೆ ಜನರಲ್ಲಿ ಹುಟ್ಟಿದ ಯಾವ ಮಗುವಿಗೂ ಇದು ತಪ್ಪೆಂದು ಗೊತ್ತು. ಕೊಟ್ಟೆ ಅಂದರೆ ಕೊಟ್ಟಂತಾಗುವುದಿಲ್ಲ. ಪಡೆದವರು ನಾಲ್ಕು ಜನರ ಮುಂದೆ ಜಿನ್ನಿನ ಶೀಶೆ ಇಟ್ಟು ಉಪಕಾರವಾಯಿತು ಅನ್ನಬೇಕು, ಕೊಟ್ಟವನು ಅದನ್ನು ಕುಡಿಯಬೇಕು, ಬಂದವರೂ ಒಂದೊಂದು ಗುಟುಕು ಕುಡಿಯಬೇಕು. ಅಸೆಡಾ ಎಂದು ಅದಕ್ಕೆ ಹೆಸರು. ಅದಾಗದ ದಾನ ಬರೀ ಬಾಯಿಮಾತು. ದೂಫಿಯೆಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಮಾವ ಬೇಡ ಅಂದದ್ದಕ್ಕೆ ಒಳಗೊಳಗೇ ಖುಷಿಪಟ್ಟಳು, ಯಾಕೆಂದರೆ ಮೇಕೆಯ ದುಡ್ಡು ನಿಜವಾಗಿಯೂ ಇಟ್ಟಿಗೆಗೆ ಬೇಕಿತ್ತು. ಪ್ರೀತಿ ಇದ್ದ ಕಡೆ ಶಾಸ್ತ್ರ ಯಾಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಜಿಪುಣತನಕ್ಕೆ ಇಷ್ಟು ಚೆನ್ನಾದ ಹೆಸರು ಸಿಕ್ಕರೆ ಯಾರು ತಾನೆ ಬಿಟ್ಟಾರು?

ಆಮೇಲೆ ವರ್ಷಗಟ್ಟಲೆ ಕಟ್ಟಿದಳು. ಒಂದು ತಿಂಗಳು ಮರಳು, ಇನ್ನೊಂದು ತಿಂಗಳು ಸಿಮೆಂಟು. ಹಿತ್ತಿಲಲ್ಲೇ ಇಟ್ಟಿಗೆ ಅಚ್ಚು ಹಾಕಿಸಿ ತಾನೇ ನೀರು ಹಾಕಿ ನೆನೆಸಿದಳು. ಗೋಡೆ ಮೊಣಕಾಲೆತ್ತರಕ್ಕೆ ಬಂದಾಗ ಕೈ ಬರಿದಾಗಿ ಎರಡು ಮಳೆಗಾಲ ಹಾಗೇ ನಿಂತಿತು. ಮಾವ ಕುರ್ಚಿ ಹಾಕಿಕೊಂಡು ಕೂತು ಮೇಸ್ತ್ರಿಗೆ ಬೈಯುತ್ತಿದ್ದ, ದಾರ ಹಿಡಿಯುತ್ತಿದ್ದ, ಬಾಗಿಲು ಪೂರ್ವಕ್ಕೆ ಇಡಬೇಡ, ಬಾಡಿಗೆಯವರು ಬಿಸಿಲಿಗೆ ಸಾಯುತ್ತಾರೆ ಅನ್ನುತ್ತಿದ್ದ. ಇದು ದೂಫಿಯೆಯ ಮನೆ ಎಂದು ಆ ಬೀದಿಯಲ್ಲಿ ಅನುಮಾನಪಟ್ಟವರು ಯಾರೂ ಇರಲಿಲ್ಲ.

ಇಸಾಹಾಕು ಬಂದು ಸೇರಿದ ವರ್ಷವೇ ಮಾವನ ತಲೆಯಲ್ಲಿ ಮಂಜು ಕವಿಯಲು ಶುರುವಾಯಿತು. ದೂಫಿಯೆ ತನ್ನ ಬಾಡಿಗೆ ಮನೆ ಬಿಟ್ಟು ಮುಂದಿನ ಮನೆಯಲ್ಲಿ ಅವನ ಜೊತೆಗೇ ಇರತೊಡಗಿದಳು. ಮೊದಮೊದಲು ಅವನು ಮರೆತದ್ದು ಕನ್ನಡಕ, ಊರುಗೋಲು. ಆಮೇಲೆ ಊಟ ಮಾಡಿದ್ದು. ಒಂದು ಬೆಳಿಗ್ಗೆ ಅವನು ಕುರ್ಚಿಯಲ್ಲಿ ಕೂತು, "ಪೊಕುವಾ ಎಲ್ಲಿ? ನನ್ನ ತಂಗಿ ಯಾಕೆ ಬಂದಿಲ್ಲ?" ಅಂದ.

"ಮಾವ, ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತಲ್ಲ," ಅಂದಳು ದೂಫಿಯೆ, ಅನ್ನ ಬಡಿಸುತ್ತಾ, ಯೋಚನೆ ಮಾಡದೆ.

ಮಾವ ಅವಳ ಮುಖವನ್ನೇ ನೋಡಿದ. "ಯಾರೂ ನನಗೆ ಹೇಳಲೇ ಇಲ್ಲ," ಅಂದ. ಆಮೇಲೆ ಸೂತಕಕ್ಕೆ ಹೊದೆಯುವ ತನ್ನ ಕಪ್ಪು ಬಟ್ಟೆ ತೆಗೆದುಕೊಡು ಅಂದ. ಅದನ್ನು ಹೊದ್ದು ಅಂಗಳದ ಬಾಗಿಲಿಗೆ ಮುಖ ಮಾಡಿ ಕೂತ, ದುಃಖ ಕೇಳಲು ಬರುವವರಿಗಾಗಿ ಕಾದ. ಯಾರು ಬರಬೇಕು? ಎಲ್ಲರೂ ಎಂದೋ ಬಂದು ಅತ್ತು ಹೋಗಿದ್ದರು. ಅವನು ಊಟ ಮಾಡಲಿಲ್ಲ, ಮಲಗಲು ಒಪ್ಪಲಿಲ್ಲ, ತಂಗಿಯ ಹೆಣ ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಲೇ ಇದ್ದ. ಎರಡನೆಯ ದಿನ ಸಂಜೆ ಮರೆತ. ಅಂದಿನಿಂದ ಪೊಕುವಾ ಎಲ್ಲಿ ಅಂದರೆ ದೂಫಿಯೆ ಸಂತೆಗೆ ಹೋಗಿದ್ದಾಳೆ ಅನ್ನುತ್ತಿದ್ದಳು. ಆ ಮುಖವನ್ನು ಇನ್ನೊಮ್ಮೆ ನೋಡುವ ಶಕ್ತಿ ಅವಳಿಗಿರಲಿಲ್ಲ.

ಮೂರೂ ಕೋಣೆಗೆ ಬಾಡಿಗೆಯವರಾದ ಮೇಲೆ ಒಂದು ಭಾನುವಾರ ಮಾವ ಊರುಗೋಲು ಹಿಡಿದು ಹಿತ್ತಿಲಿಗೆ ಬಂದ. ಇಸಾಹಾಕು ಬಾಗಿಲಲ್ಲಿ ಕೂತು ಗುಂಡಿ ಹಾಕುತ್ತಿದ್ದ.

"ನನ್ನ ಬಾಳೆ ಏನಾಯ್ತು? ನೀನ್ಯಾರು? ನನ್ನ ನೆಲದಲ್ಲಿ ಯಾರು ಬಿಟ್ಟಿದ್ದು ನಿನ್ನನ್ನ?"

"ದೂಫಿಯೆ ಅಕ್ಕಾವ್ರು ಅಜ್ಜ. ನಾನು ಇಸಾಹಾಕು. ನಿಮ್ಮ ಅಂಗಿ ಹೊಲಿದವನು ನಾನೇ."

"ದೂಫಿಯೆಗೆ ಯಾರು ಕೊಟ್ಟರು? ನಾನು ಯಾರಿಗೂ ಕೊಟ್ಟಿಲ್ಲ."

ಗಟ್ಟಿ ದನಿ, ಹಳೆಯ ಡ್ರೈವರನ ದನಿ. ಚರ್ಚಿನಿಂದ ಬರುತ್ತಿದ್ದ ಅಬ್ರಾಫಿ ಚಿಕ್ಕಮ್ಮನ ಕಿವಿಗೂ ಬಿತ್ತು. ಅಬ್ರಾಫಿ ಎಂದರೆ ಪೊಕುವಾಳ ಕಿರಿ ತಂಗಿ, ಕೇಳಿದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅಜೀರ್ಣವಾಗುವ ಹೆಂಗಸು. ಬುಧವಾರದ ಹೊತ್ತಿಗೆ ವಿಷಯ ಮನೆತನದ ಯಜಮಾನ ಅಂಪೊನ್ಸಾ ಅವರವರೆಗೆ ಹೋಗಿ, ತಕೊರಾಡಿಯಿಂದ ಕ್ವಾರ್ಟೆಂಗನೂ ಇಳಿದ. ಮಾವ ಸತ್ತರೆ ಆಸ್ತಿ ತಾಯಿಯ ಕಡೆಯ ಮನೆತನಕ್ಕೆ, ಸತ್ತವನ ಸ್ಥಾನದಲ್ಲಿ ಕೂರುವವನು ಸೋದರಳಿಯ. ಅಂದರೆ ಕ್ವಾರ್ಟೆಂಗನೇ.

ಅಂಪೊನ್ಸಾ ಕೆಟ್ಟ ಮನುಷ್ಯರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಅವರು ಮಂಡಿ ನೀವಿಕೊಳ್ಳುತ್ತಾ ಕೇಳಿದರು.

"ಮಗಳೇ, ಅಸೆಡಾ ಕೊಟ್ಟೆಯಾ?"

"ಕೊಡ್ತೀನಿ ಅಂದೆ ಯಜಮಾನ್ರೇ. ಮಾವ ಬೇಡ ಅಂದ."

"ಕೊಟ್ಟೆಯಾ?"

"ಇಲ್ಲ."

"ಕೊಡ್ತೀನಿ ಅಂದಾಗ ಯಾರಿದ್ರು?"

"ಮಾವ, ನಾನು."

ಅಂಪೊನ್ಸಾ ಮಂಡಿಯಿಂದ ಕೈ ತೆಗೆದರು. "ಹಾಗಾದ್ರೆ ನೆಲ ಇನ್ನೂ ಅವನದ್ದೇ. ನೀನು ಅವನ ನೆಲದ ಮೇಲೆ ಕಟ್ಟಿದ್ದೀಯ. ಅವನು ಹೋದ ಮೇಲೆ ಮನೆತನದ್ದು. ನಿನ್ನನ್ನು ಯಾರೂ ಬೀದಿಗೆ ಹಾಕಲ್ಲ, ಆದ್ರೆ ಬಾಡಿಗೆ ನಿನ್ನ ಕೈಗೆ ಬರಲ್ಲ."

ಕ್ವಾರ್ಟೆಂಗ್ ಮೆಲ್ಲಗೆ ನಕ್ಕ. "ತಲೆ ಕೆಡಿಸ್ಕೋಬೇಡ ಅಕ್ಕಾ. ಬಾಡಿಗೆ ವಸೂಲಿ ತಲೆನೋವು ನನಗಿರಲಿ. ನೀನು ಅನ್ನ ಮಾಡ್ಕೊಂಡು ಆರಾಮಾಗಿರು."

"ನಿನ್ನ ಲಾರಿ ಬಿಡಿಭಾಗ ಎಲ್ಲಾ ಖರ್ಚಾಯ್ತಾ?" ಅಂದಳು ದೂಫಿಯೆ. ಕೈಯನ್ನು ಸೊಂಟದ ಬಟ್ಟೆಯ ತುದಿಗೆ ಒರೆಸಿಕೊಂಡಳು.

ಅಂಪೊನ್ಸಾ ಊರುಗೋಲಿನಿಂದ ನೆಲ ತಟ್ಟಿದರು. "ಅವನಿಗೆ ಇನ್ನೂ ಉಸಿರಿದೆ. ಶೀಶೆ ತಾ. ನಮ್ಮೆದುರು ಅವನ ಬಾಯಿಂದ ಬರಲಿ, ಇಂಥವಳಿಗೆ ಕೊಟ್ಟೆ ಅಂತ. ಕುಡಿಯಲಿ. ಆಮೇಲೆ ಯಾರೂ ಉಸಿರೆತ್ತೋ ಹಾಗಿಲ್ಲ, ನಿನ್ನ ತಮ್ಮನೂ ಸೇರಿ. ಆದ್ರೆ ಅವನ ಬಾಯಿಂದಲೇ ಬರಬೇಕು."

ಇಷ್ಟೇ ಉಳಿದದ್ದು. ಮಾವನ ಬಾಯಲ್ಲಿ ಒಂದು ಹೆಸರು.

ಆ ದಿನಗಳಲ್ಲಿ ಇಸಾಹಾಕು ನಗುವುದನ್ನೇ ಬಿಟ್ಟ. ಅವನಿಗೆ ಮಗಳು ಹುಟ್ಟಿದ್ದಳು. ಒಂದು ಸಂಜೆ ನಲ್ಲಿಯ ಹತ್ತಿರ ಅವನು ಕೇಳಿದ. "ಅಕ್ಕಾವ್ರೇ, ನಾನೀಗ ಯಾರ ಬಾಡಿಗೆಯವನು? ನಿಮ್ಮ ತಮ್ಮ ಬಂದು ಇನ್ನೊಂದು ಸಲ ಎರಡು ವರ್ಷದ್ದು ಕೇಳಿದ್ರೆ ಎಲ್ಲಿಂದ ತರಲಿ? ನನ್ನ ದುಡ್ಡು ಅಲ್ಲಿದೆ." ಅವನು ತಗಡಿನ ಕಡೆ ಬೆರಳು ತೋರಿಸಿದ. ದೂಫಿಯೆಯೂ ಆ ತಗಡಿನ ಕಡೆ ನೋಡಿದಳು. ಯಜಮಾನತಿಯಾಗುವುದೆಂದರೆ ಬೀಗದ ಕೈ ಇಟ್ಟುಕೊಳ್ಳುವುದು ಎಂದಷ್ಟೇ ಅವಳು ತಿಳಿದಿದ್ದಳು. ಇನ್ನೊಬ್ಬರ ಹಸುಗೂಸು ತನ್ನ ಮಾತಿನ ಕೆಳಗೆ ಮಲಗಿರುತ್ತದೆಂದು ಯಾವ ಯಜಮಾನನೂ ಅವಳಿಗೆ ಹೇಳಿರಲಿಲ್ಲ.

ಅಬ್ರಾಫಿ ಚಿಕ್ಕಮ್ಮ ಮಾರನೆಯ ದಿನ ಅನ್ನ ತಿನ್ನುವ ನೆಪದಲ್ಲಿ ನಿಲ್ದಾಣಕ್ಕೆ ಬಂದಳು. ತಿಂದು, ಕೈ ತೊಳೆದು, ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

"ನೋಡೇ, ಆ ಮುದುಕನ ಬಾಯಿ ನಂಬ್ಕೊಂಡು ಕೂರ್ಬೇಡ. ಅವನು ನಿನ್ನೆ ನನ್ನನ್ನ ಪೋಲೀಸು ಅಂದ. ನಾನು ಹೇಳ್ತೀನಿ, ಅವತ್ತು ನಾನೂ ಇದ್ದೆ ಅಂತ. ನೀನು ಶೀಶೆ ತಂದೆ, ಅಣ್ಣ ಕುಡಿದ, ನಾನೂ ಒಂದು ಗುಟುಕು ಕುಡಿದೆ. ಇಷ್ಟು ದಿನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಗೀತು."

"ಯಜಮಾನ್ರ ಮುಂದೆ ಇಲ್ಲ ಅಂದುಬಿಟ್ಟಿದ್ದೀನಲ್ಲ ಚಿಕ್ಕಮ್ಮ."

"ಹೆದರಿ ಹಾಗಂದಳು ಅಂತೀನಿ. ಅದೆಲ್ಲ ನನಗೆ ಬಿಡು. ಕೊನೇ ಕೋಣೆಯವರ ಮುಂಗಡ ಮುಗಿದ ಮೇಲೆ ಅದನ್ನ ನನ್ನ ಮಗಳಿಗೆ ಕೊಡು, ಬಾಡಿಗೆ ಗೀಡಿಗೆ ಅಂತ ಕೇಳ್ಬೇಡ."

ದೂಫಿಯೆ ಕೂಡಲೇ ಇಲ್ಲ ಅನ್ನಲಿಲ್ಲ. ಅವಳೇನು ದೇವತೆಯಲ್ಲ. ಒಂದು ದಿನ ಕೊಡು ಅಂದಳು. ಇಡೀ ದಿನ ಪಾತ್ರೆ ತಿಕ್ಕುತ್ತಾ, ಸೌದೆ ಜೋಡಿಸುತ್ತಾ ಅದನ್ನೇ ಯೋಚಿಸಿದಳು. ಒಂದು ಕೋಣೆ ಹೋದರೂ ಎರಡು ಉಳಿಯುತ್ತವೆ. ಕತ್ತು ಉಳಿಯುತ್ತದೆ. ಇಸಾಹಾಕುವಿನ ಮಗು ಉಳಿಯುತ್ತದೆ. ಆದರೆ ಬೇಳೆಕಾಳು ಆರಿಸಿದಂತೆ ಎಷ್ಟು ಆರಿಸಿದರೂ ಒಂದು ಕಲ್ಲು ಉಳಿಯುತ್ತಿತ್ತು. ತಾನು ಮಾವನಿಗೆ ನಿಜವಾಗಿಯೂ ಉಪಕಾರ ಹೇಳಿರಲಿಲ್ಲ. ಬಾಳೆ ಕಡಿದಳು, ಕಟ್ಟಿದಳು, ಮುಂಗಡ ಎಣಿಸಿಕೊಂಡಳು, ಆ ಮನುಷ್ಯನ ಮುಂದೆ ಮಂಡಿಯೂರಿ ಒಂದು ಮಾತು ಹೇಳಲಿಲ್ಲ. ಹೇಳದ ಮಾತನ್ನು ಈಗ ಅಬ್ರಾಫಿಯ ಬಾಯಿಂದ ಬಾಡಿಗೆಗೆ ತರಬೇಕೆ? ಅವಳಿಗೆ ನಾಚಿಕೆಯಾಯಿತು. ಮಾರನೆಯ ಬೆಳಿಗ್ಗೆ ಬೇಡ ಚಿಕ್ಕಮ್ಮ ಅಂದಳು. ಅಬ್ರಾಫಿ ತಿಂದ ಅನ್ನಕ್ಕೆ ದುಡ್ಡು ಕೊಡದೆ ಎದ್ದು ಹೋದಳು.

ಬೆಳಗಿನ ಹೊತ್ತು ಮಾವನ ತಲೆ ಸ್ವಲ್ಪ ತಿಳಿಯಾಗಿರುತ್ತಿತ್ತು. ಹಾಗಾಗಿ ಶನಿವಾರ ಬೆಳಿಗ್ಗೆಯೇ ಸೇರಿದರು. ದೂಫಿಯೆ ಅಂದು ಅನ್ನ ಮಾಡಲಿಲ್ಲ. ಮಾವನಿಗೆ ಸ್ನಾನ ಮಾಡಿಸಿ, ಗಡ್ಡ ತೆಗೆದು, ಬಿಳಿ ಬಟ್ಟೆ ಹೆಗಲ ಮೇಲೆ ಹೊದಿಸಿ, ಕುರ್ಚಿಯನ್ನು ಅಂಗಳದ ನೆರಳಿಗೆ ತಂದಳು. ಬಟ್ಟೆ ಸರಿಮಾಡುವಾಗ ಅವನು "ದೂಫಿಯೆ, ಬಿಗಿಯಾಯ್ತು" ಅಂದ. ಅವಳ ಎದೆ ಹಗುರವಾಯಿತು. ಇವತ್ತು ಹೆಸರಿದೆ, ಇನ್ನೊಂದು ಗಳಿಗೆ ಉಳಿದರೆ ಸಾಕು ಎಂದುಕೊಂಡಳು.

ಅಂಪೊನ್ಸಾ, ಅಬ್ರಾಫಿ, ಕ್ವಾರ್ಟೆಂಗ್, ಇನ್ನಿಬ್ಬರು ಹಿರಿಯರು ಸುತ್ತ ಕೂತರು. ಇಸಾಹಾಕು ಮಗುವನ್ನೆತ್ತಿಕೊಂಡು ನಲ್ಲಿಯ ಹತ್ತಿರ ನಿಂತ. ಅಂಪೊನ್ಸಾ ಶೀಶೆಯ ಮುಚ್ಚಳ ತೆಗೆದು ನೆಲಕ್ಕೆ ಹನಿ ಬಿಡುತ್ತಾ, ರೂಢಿಯಂತೆ, ಹೋದವರನ್ನು ಕರೆದರು. ಅಜ್ಜಂದಿರ ಹೆಸರು, ಅಜ್ಜಿಯರ ಹೆಸರು. ಕೊನೆಗೆ, "ಪೊಕುವಾ, ನೀನೂ ಬಾ. ನಿನ್ನ ಪಾಲು ಕುಡಿ," ಅಂದರು.

ಮಾವ ತಲೆಯೆತ್ತಿದ.

ದೂಫಿಯೆ ಅದನ್ನು ಗಮನಿಸಲಿಲ್ಲ. ಲೋಟ ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಮಂಡಿಯೂರಿದಳು. ಬಾಯಿಪಾಠ ಮಾಡಿಟ್ಟ ಮಾತು ಹೇಳಿದಳು. "ನೀವು ಕೊಟ್ಟ ಜಾಗಕ್ಕೆ ಉಪಕಾರ ಹೇಳೋಕೆ ಬಂದಿದ್ದೀನಿ. ಇಷ್ಟು ತಡವಾಗಿದ್ದಕ್ಕೆ ಕ್ಷಮಿಸಿ."

ಮಾವ ಲೋಟ ನೋಡಲಿಲ್ಲ. ಅವಳ ಮುಖ ನೋಡಿದ. ಅವನ ಕಣ್ಣು ತುಂಬಿತು.

"ಬಂದ್ಯಾ ಪೊಕುವಾ," ಅಂದ. "ಸಂತೆಯಿಂದ ಬರೋಕೆ ಇಷ್ಟು ಹೊತ್ತಾ? ಇವರೆಲ್ಲ ಹೋಗಿದ್ದಾಳೆ ಹೋಗಿದ್ದಾಳೆ ಅಂತಾನೇ ಹೇಳ್ತಿದ್ರು."

ಮಾವ ಊರುಗೋಲನ್ನು ಕುರ್ಚಿಗೆ ಒರಗಿಸಿಟ್ಟ.

"ಜಾಗ ಯಾರದ್ದು ಅಂತ ಕೇಳ್ತಾರಂತೆ. ನಿಂದಲ್ದೆ ಯಾರದ್ದೇ? ಅಜ್ಜಿಯ ಮಣಿಸರ ಮಾರಿ ನನಗೆ ಲೈಸೆನ್ಸ್ ಮಾಡಿಸಿದವಳು ನೀನು. ಕತ್ತಿಗೆ ಒಂದು ಮಣಿಯೂ ಇಲ್ಲದೆ ಮದುವೆಯಾದೆ. ನಾನು ಲಾರಿ ಓಡಿಸಿದ್ದು ಅದರಿಂದ, ನೆಲ ತಗೊಂಡಿದ್ದು ಅದರಿಂದ. ಹಿಂದಿನ ಜಾಗ ನಿನಗೇ ಅಂತ ಇಟ್ಟಿದ್ದು. ಕೋಣೆ ಕಟ್ಟು, ಬಾಡಿಗೆಗೆ ಕೊಡು, ಕೂತು ತಿನ್ನು. ಇನ್ನು ತಲೆ ಮೇಲೆ ಮೂಟೆ ಹೊರ್ಬೇಡ."

ದೂಫಿಯೆಗೆ ಈ ಮಣಿಸರದ ಮಾತು ಗೊತ್ತೇ ಇರಲಿಲ್ಲ. ತಾಯಿ ಒಂದು ದಿನವೂ ಹೇಳಿರಲಿಲ್ಲ. ಈ ಮಾವನೂ ತಂಗಿ ಬದುಕಿದ್ದಾಗ ಉಪಕಾರ ಹೇಳದೆ ಉಳಿದವನೇ ಎಂದು ಅವಳಿಗೆ ಹೊಳೆಯಿತು.

ಅಂಪೊನ್ಸಾ ಮುಂದಕ್ಕೆ ಬಾಗಿದರು. "ಅಡುಸೆಯಿ, ಯಾರಿಗೆ ಕೊಡ್ತಿದ್ದೀಯ? ಹೆಸರು ಹೇಳು."

"ಪೊಕುವಾಗೆ. ಎದುರಿಗೇ ಇದ್ದಾಳಲ್ಲ, ನಿಮಗೆ ಕಣ್ಣಿಲ್ವಾ?"

ಯಜಮಾನರು ದೂಫಿಯೆಯ ಕಡೆ ತಿರುಗಿದರು. ದನಿ ತಗ್ಗಿಸಿ, ಮೆತ್ತಗೇ ಹೇಳಿದರು. "ಮಗಳೇ, ಇದು ನಿನಗೆ ಕೊಟ್ಟಂತೆ ಆಗಲ್ಲ. ನೀನು ಯಾರು ಅಂತ ಅವನಿಗೆ ಹೇಳು. ಪೊಕುವಾ ಇಲ್ಲ ಅಂತ ಹೇಳು. ತಿಳ್ಕೊಂಡು ನಿನ್ನ ಹೆಸರು ಹೇಳಿದ್ರೆ ಜಾಗ ನಿನ್ನದು. ಹೇಳದಿದ್ರೆ ನಿನ್ನ ತಾಯಿಗೆ ಕೊಟ್ಟ ಹಾಗೆ, ಅವಳ ಮಕ್ಕಳಿಬ್ಬರಿಗೂ ಸಮ."

ಕ್ವಾರ್ಟೆಂಗ್ ನೆಲ ನೋಡಿದ. ಅಬ್ರಾಫಿ, "ಹೇಳೇ, ಬೇಗ ಹೇಳು," ಎಂದು ಹಲ್ಲು ಕಚ್ಚಿಕೊಂಡೇ ಅಂದಳು. ಬೆಳಿಗ್ಗೆಯಷ್ಟೇ ದೂಫಿಯೆ ಎಂದು ಕರೆದ ಬಾಯಿ ಮಾವನದು. ಹೇಳಿದರೆ ತಿಳಿಯುತ್ತದೆ. ಬಹುಶಃ ತಿಳಿಯುತ್ತದೆ. ಅಮ್ಮ ಸತ್ತಳು ಮಾವ, ನಾನು ದೂಫಿಯೆ. ಇಷ್ಟೇ ಮಾತು.

ಮಾವ ಅವಳ ಕತ್ತಿನ ಹಿಂದೆ ಕೈಯಿಟ್ಟ. ಪಾತ್ರೆ ಹೊತ್ತು ಹಿಡಿದುಕೊಂಡ ಜಾಗವೇ ಅದು. "ನೋಯ್ತಾ?" ಅಂದ.

ಇಷ್ಟು ವರ್ಷ ಕೂಡಿಟ್ಟುಕೊಂಡ ಋಣವನ್ನು ಅವನು ಈಗ ತಾನೇ ತೀರಿಸಿದ್ದ. ತಂಗಿ ಬಂದಿದ್ದಳು, ಕೊಟ್ಟಿದ್ದ, ಮುಖದಲ್ಲಿ ನೆಮ್ಮದಿ ಇತ್ತು. ಈಗ ಒಂದು ಮಾತು ಹೇಳಿದರೆ ಅವನು ಕಪ್ಪು ಬಟ್ಟೆ ಕೇಳುತ್ತಾನೆ. ಬಾಗಿಲಿಗೆ ಮುಖ ಮಾಡಿ ಕೂರುತ್ತಾನೆ. ಮೂರು ಕೋಣೆಗಾಗಿ ಈ ಮುದುಕನ ಕಣ್ಣೆದುರು ಅವನ ತಂಗಿಯನ್ನು ಇನ್ನೊಮ್ಮೆ ಸಾಯಿಸಬೇಕು.

"ಇಲ್ಲ ಅಣ್ಣ," ಅಂದಳು ದೂಫಿಯೆ. "ಈಗ ನೋವಿಲ್ಲ. ಉಪಕಾರ ಆಯ್ತು ಅಣ್ಣ. ತಗೋ, ಕುಡಿ."

ಮಾವ ಕುಡಿದ. ಒಂದು ಹನಿ ಬಿಡದೆ ಕುಡಿದು ಲೋಟ ಬೋರಲು ಹಾಕಿ ತೋರಿಸಿದ. ಅಂಪೊನ್ಸಾ ಕಣ್ಣು ಮುಚ್ಚಿ ತೆರೆದರು. ಆಮೇಲೆ ಶೀಶೆ ಸುತ್ತ ಹೋಯಿತು, ಎಲ್ಲರೂ ಕುಡಿದರು, ಕ್ವಾರ್ಟೆಂಗನೂ ಕುಡಿದ. ಹಿತ್ತಿಲು ಪೊಕುವಾಳದು, ಬಾಡಿಗೆ ಅವಳ ಇಬ್ಬರು ಮಕ್ಕಳಿಗೆ ಸರಿಪಾಲು, ಕೊಟ್ಟ ಮುಂಗಡ ಮುಗಿಯುವವರೆಗೆ ಬಾಡಿಗೆಯವರನ್ನು ಯಾರೂ ಅಲುಗಾಡಿಸುವಂತಿಲ್ಲ ಎಂದು ಯಜಮಾನರು ಗಟ್ಟಿಯಾಗಿ ಹೇಳಿದರು. ಇಸಾಹಾಕು ಮಗುವಿನ ತಲೆಗೆ ಮೂಗು ಒತ್ತಿಕೊಂಡ.

ಹೊರಡುವಾಗ ಅಬ್ರಾಫಿ, "ಒಂದು ಮಾತು. ಒಂದೇ ಒಂದು ಮಾತು ಆಡಿದ್ರೆ ಆಗ್ತಿತ್ತು. ದಡ್ಡಿ," ಅಂದಳು. ಅಂದವಳು ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು, ಪೊಕುವಾ ಅವಳಿಗೂ ಅಕ್ಕ ತಾನೆ.

ಕ್ವಾರ್ಟೆಂಗ್ ಬಾಗಿಲ ಹತ್ತಿರ ಹಿಂದೆ ಉಳಿದ. "ಅಕ್ಕಾ, ನೀನ್ಯಾಕೆ ಹೇಳಲಿಲ್ಲ?"

"ನಿನಗೂ ಬಾಯಿತ್ತಲ್ಲ. ಅಮ್ಮ ಸತ್ತಳು ಅಂತ ನೀನು ಹೇಳ್ಬಹುದಿತ್ತು."

ಅವನು ಚಪ್ಪಲಿಯಿಂದ ಮಣ್ಣು ಕೆದಕಿದ. ಒಳ್ಳೆಯವನಾಗಿಬಿಟ್ಟ ಎಂದು ಯಾರೂ ತಿಳಿಯಬೇಡಿ, ಮುಂದೆ ತನ್ನ ಪಾಲನ್ನು ಅವನು ಒಂದು ಸಲವೂ ಬೇಡ ಅನ್ನಲಿಲ್ಲ. ಆದರೆ ಆ ದಿನ ಬಸ್ಸಿಗೆ ಹೋಗುವ ಮೊದಲು ಹಿಂತಿರುಗಿ ಬಂದು ಮಾವನ ಕಾಲ ಬಳಿ ಸ್ವಲ್ಪ ಹೊತ್ತು ಕೂತು ಹೋದ.

ಮಧ್ಯಾಹ್ನ ಅಂಗಳ ಖಾಲಿಯಾಯಿತು. ದೂಫಿಯೆ ಲೋಟಗಳನ್ನು ತೊಳೆದಳು, ಕುರ್ಚಿಗಳನ್ನು ಒಳಗಿಟ್ಟಳು. ಲೆಕ್ಕ ಹಾಕುವ ಶಕ್ತಿ ಇರಲಿಲ್ಲ, ಆದರೂ ಲೆಕ್ಕ ತಾನಾಗಿ ಬಂತು. ಮೂರು ಕೋಣೆಯ ಅರ್ಧ ಒಂದು ಹೊಟ್ಟೆಗೆ ಸಾಲದು. ಪಾತ್ರೆ ಹೊರುವುದು ತಪ್ಪಲಿಲ್ಲ.

"ಪೊಕುವಾ," ಅಂದ ಮಾವ.

"ಏನಣ್ಣ?"

"ನಿನ್ನ ಮಗಳೆಲ್ಲಿ? ಆ ಹುಡುಗಿ, ದೂಫಿಯೆ."

ಅವಳು ಒದ್ದೆ ಕೈಯಲ್ಲೇ ನಿಂತಳು. "ಇಲ್ಲೇ ಇದ್ದಾಳೆ."

"ಆ ಹಿತ್ತಿಲ ಜಾಗ ಅವಳಿಗೆ ಅಂತ ಹೇಳಿದ್ದೀನಿ ನಾನು. ಪಾಪ, ಬಾಡಿಗೆ ಮನೇಲಿ ಒದ್ದಾಡ್ತಾಳೆ. ಕೊಟ್ಟಿದ್ದು ಕೊಟ್ಟಾಯ್ತು. ನೀನು ಅಡ್ಡ ಬರ್ಬೇಡ."

ದೂಫಿಯೆ ಸುತ್ತ ನೋಡಿದಳು. ಅಂಗಳದ ಬಾಗಿಲು ಮುಚ್ಚಿತ್ತು. ಹಿತ್ತಿಲಲ್ಲಿ ಇಸಾಹಾಕುವಿನ ಹೊಲಿಗೆ ಯಂತ್ರ ಓಡುತ್ತಿತ್ತು, ಅದರ ಸದ್ದಿನಲ್ಲಿ ಅವನಿಗೆ ಏನೂ ಕೇಳುವಂತಿರಲಿಲ್ಲ. ಆ ಸಲದಂತೆ ಈ ಸಲವೂ ಅವರಿಬ್ಬರೇ.

ಶೀಶೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಲೋಟಕ್ಕೆ ಬಗ್ಗಿಸಿ ಅವಳು ಮಾವನ ಮುಂದೆ ಮಂಡಿಯೂರಿದಳು, ಎರಡೂ ಕೈಯಲ್ಲಿ ಹಿಡಿದಳು. ಇದು ಯಾವ ಲೆಕ್ಕಕ್ಕೂ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಉಪಕಾರ ಆಯ್ತು ಮಾವ," ಅಂದಳು.

ಅವನು ಕುಡಿದು, ತುಟಿ ಒರೆಸಿಕೊಂಡು, ಲೋಟ ಅವಳ ಕೈಗೆ ಕೊಟ್ಟ. "ಬಾಳೆಹಣ್ಣು ಕರೀತೀಯಾ? ಶುಂಠಿ ಜಾಸ್ತಿ ಹಾಕು."

ದೂಫಿಯೆ ಎದ್ದು ನಾಳೆಯ ಅಲಸಂದೆ ನೆನೆಹಾಕಿದಳು, ಆಮೇಲೆ ಒಲೆ ಹೊತ್ತಿಸಿದಳು.